ಸೀಮೆಹಂದಿಗಳ ಮೇವಿಗೆ ಒಂದು ಹಿಡಿ ಉಪ್ಪು

ನಮ್ಮ ನಡುಮನೆಯಲ್ಲಿ ಆಗ ಐದು ಮೂಟೆಗಳಿದ್ದವು. ನಾಲ್ಕೂ ಇರಬಹುದು. ಅಕ್ಕ ಮೂರೇ ಎನ್ನುತ್ತಾಳೆ, ಅದರಲ್ಲೊಂದು ನಮ್ಮ ಊಟದ ರಾಗಿಯದು ಎಂದೂ ಸೇರಿಸುತ್ತಾಳೆ. ನನ್ನ ಕಣ್ಣಿಗೆ ಕಟ್ಟಿರುವುದು ಐದೇ: ಮುಸುಕಿನ ಜೋಳ, ಗೋಧಿ ಬೂಸಾ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಮತ್ತು ಮೂಲೆಯಲ್ಲಿ ಬಾಯಿ ಬಿಗಿದು ಕಟ್ಟಿದ್ದರೂ ಇಡೀ ಮನೆಗೆ ತಾನಿದ್ದೇನೆಂದು ಸಾರುತ್ತಿದ್ದ ಮೀನಿನ ಪುಡಿ. ಆದರೆ ಇದೇ ಐದರ ಪಟ್ಟಿಯನ್ನು ನಾನು ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿಯೂ ಓದಿದ್ದೇನೆ. ಹಾಗಾಗಿ ನಾನು ನೆನೆಯುತ್ತಿರುವುದು ನಮ್ಮ ನಡುಮನೆಯನ್ನೋ ಆ ಪುಸ್ತಕದ ಪುಟವನ್ನೋ ಎಂದು ಆಣೆಯಿಟ್ಟು ಹೇಳಲಾರೆ. ವಿಶ್ವವಿದ್ಯಾನಿಲಯದಲ್ಲಿ ತರ್ಕಶಾಸ್ತ್ರ ಓದಿ, ಅದನ್ನೇ ಇತರರಿಗೆ ಕಲಿಸಿ ಬದುಕಿದವನು ನಾನು. ಬೇರೆಯವರ ಮಾತಿನಲ್ಲಿ ಬಿರುಕು ಹುಡುಕುವುದು ಅಭ್ಯಾಸವಾಗಿ, ಈಗ ನನ್ನದೇ ನೆನಪಿನಲ್ಲಿ ಬೆರಳಿಟ್ಟ ಕಡೆಯೆಲ್ಲ ಬಿರುಕು ಕಾಣುತ್ತದೆ. ಒಂದು ಸಂಗತಿ ಮಾತ್ರ ಖಚಿತ. ಆ ಮೂಟೆಗಳು ಬಂದು ಹೋದ ಮೇಲೆ ನಮ್ಮಜ್ಜಿ ತಾನು ಸಾಯುವ ತನಕ ಯಾವ ಅಡುಗೆಗೂ ತನ್ನ ಕೈಯಿಂದ ಉಪ್ಪು ಹಾಕಲಿಲ್ಲ. ಆ ಶಿಕ್ಷೆ ನಿಜವಾಗಿ ಅವಳಿಗೆ ಸೇರಬೇಕಾದದ್ದೋ, ನಮ್ಮಲ್ಲಿ ಬೇರೆ ಯಾರಿಗಾದರೂ ಸೇರಬೇಕಾದದ್ದೋ ಎಂದು ತಿಳಿಯಲೆಂದೇ ಇದನ್ನು ಬರೆಯಲು ಕುಳಿತಿದ್ದೇನೆ.

ಸುದ್ದಗುಂಟೆಪಾಳ್ಯ ಆಗ ಊರೇ. ನಮ್ಮದು ನಾಡಹೆಂಚಿನ ಮನೆ, ಹಿತ್ತಲಿನಲ್ಲಿ ಬಾವಿ, ಬಾವಿಯಾಚೆ ಹುಣಸೆಮರ, ಅದರಾಚೆ ರಾಗಿಹೊಲ. ಹೊಲದ ಕೊನೆಯಲ್ಲಿ ನಿಂತು ನೋಡಿದರೆ ಜಯನಗರದ ಹೊಸ ಮನೆಗಳ ಗಾರೆ ಕೆಲಸ ನಡೆಯುವುದು ಕಾಣುತ್ತಿತ್ತು. ಅಪ್ಪ ಸರ್ಕಾರದ ಒಂದು ಜಾನುವಾರು ಫಾರಂನಲ್ಲಿ ಮೇವು ಹಾಕುವ ಕೆಲಸದಲ್ಲಿದ್ದ. ಅಲ್ಲಿನ ಸಾಹೇಬರಿಗೆ, ರೈತರ ಮನೆಗಳಲ್ಲಿ ಬಿಳಿಯ ಸೀಮೆಹಂದಿ ಸಾಕಿಸಿ ನೋಡಬೇಕೆಂಬ ಹುಮ್ಮಸ್ಸು. ತಾಯಿಯ ಹಾಲು ಬಿಟ್ಟ ಆರು ಮರಿಗಳನ್ನು ಅಪ್ಪನಿಗೆ ಕೊಟ್ಟು, ಚೆನ್ನಾಗಿ ಬೆಳೆಸಿ ತೋರಿಸಿದರೆ ಇನ್ನೂ ಒಂದು ಡಜನ್ ಕೊಡಿಸುತ್ತೇನೆ, ಕೆಲಸದಲ್ಲಿ ಮೇಲಕ್ಕೆ ಹಾಕಲು ಬರೆಯುತ್ತೇನೆ ಎಂದಿದ್ದರು. ಜೊತೆಗೆ ಒಂದು ಚೀಟಿ. ಯಾವ ವಯಸ್ಸಿಗೆ ಯಾವ ಕಾಳು ಎಷ್ಟು ಪಾಲು, ಹಿಂಡಿ ಎಷ್ಟು, ಮೀನಿನ ಪುಡಿ ಎಷ್ಟು, ಖನಿಜದ ಪುಡಿ ಎಷ್ಟು, ಉಪ್ಪು ಎಷ್ಟು. ಅಪ್ಪ ಆ ಚೀಟಿಯನ್ನು ದೇವರ ಪಟದ ಚೌಕಟ್ಟಿಗೆ ಸಿಕ್ಕಿಸಿದ್ದ. ನಮ್ಮ ಮನೆಯಲ್ಲಿ ಹಂದಿಮಾಂಸ ತಿನ್ನದವರು ಯಾರೂ ಇರಲಿಲ್ಲ. ವರ್ಷಕ್ಕೆ ಒಂದೆರಡು ಸಲ ಹಿತ್ತಲಿನಲ್ಲಿ ಬೇರೆ ಒಲೆ ಹೂಡಿ, ಅದಕ್ಕೆಂದೇ ಇಟ್ಟಿದ್ದ ಮಡಕೆಯಲ್ಲಿ ಬೇಯಿಸುತ್ತಿದ್ದರು. ತಿನ್ನುವುದು ಒಂದು, ಸಾಕುವುದು ಇನ್ನೊಂದು. ಅಪ್ಪ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ ದಿನ ಪಕ್ಕದ ಮನೆಯ ದೊಡ್ಡಯ್ಯ ಜಗಲಿಯಿಂದಲೇ ಕೂಗಿದ್ದು ನನಗೆ ಈಗಲೂ ಕೇಳಿಸುತ್ತದೆ.

"ಏನ್ ಮುನಿಶಾಮಣ್ಣ, ಬಿಳೀ ದೊರೆಗಳು ಹೋದ್ರು ಅಂತ ಬಿಳೀ ಹಂದಿ ತಂದ್ಯಾ?"

ಅಜ್ಜಿ ಎರಡು ದಿನ ಹಿತ್ತಲಿನ ಹಂದಿಗೂಡಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹೋಗಿ ನೋಡಿದಳು. ಆಮೇಲೆ ಅವು ಅವಳ ಲೆಕ್ಕದಲ್ಲಿ ಮನೆಯ ಬಾಯಿಗಳಾದವು. ಮನೆಯ ಬಾಯಿ ಎಂದ ಮೇಲೆ ಅದಕ್ಕೆ ಹೋಗುವುದೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಅಪ್ಪ ಪೇಟೆಯಿಂದ ಜೋಳದ ಮಾದರಿಯನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡು ತರುತ್ತಿದ್ದ. ಅಜ್ಜಿ ಬಾಗಿಲ ಬೆಳಕಿಗೆ ಕುಳಿತು ಗಂಟು ಬಿಚ್ಚುವಳು. ಅಂಗೈಯಲ್ಲಿ ಹರಡುವಳು, ಊದುವಳು, ಮೂಸುವಳು, ಉಳಿದಿದ್ದ ಕೆಲವೇ ಹಲ್ಲುಗಳಲ್ಲಿ ಒಂದರ ಕೆಳಗೆ ಕಾಳನ್ನಿಟ್ಟು ಕಡಿಯುವಳು.

"ಕೇಳುಸ್ತಾ?"

"ಏನವ್ವ?"

"ಸದ್ದು. ಕಟಕ್ ಅನ್ಬೇಕಾಗಿತ್ತು, ಅನ್ನಲಿಲ್ಲ. ಹಸಿ ಐತೆ ಕಣೋ ಮುನಿಯ. ಮೂಟೇಲಿ ಹಾಕಿದ್ರೆ ವಾರಕ್ಕೆ ಮುಗ್ಗು ಹಿಡೀತದೆ."

"ಹಂದಿಗೆ ಕಣವ್ವ, ಮದುವೆ ಊಟಕ್ಕಲ್ಲ."

"ಹಂದಿಗೆ ಹೊಟ್ಟೆ ಇಲ್ವೇನ್ಲಾ?"

ಅಪ್ಪ ಗೊಣಗಿಕೊಂಡು ಮತ್ತೆ ಪೇಟೆಗೆ ಹೋಗುವನು. ಮೂಟೆ ಬಂದ ಮೇಲೂ ಅವಳ ಪರೀಕ್ಷೆ ಮುಗಿಯುತ್ತಿರಲಿಲ್ಲ. ಬಳೆಗಳನ್ನು ಮೇಲಕ್ಕೆ ಸರಿಸಿ, ಮೊಣಕೈ ಮುಳುಗುವ ತನಕ ಕೈಯನ್ನು ಕಾಳಿನೊಳಗೆ ತೂರಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇರುವಳು. ಒಳಗೆ ಬೆಚ್ಚಗಿದ್ದರೆ ಕಾಳು ಕೆಡುತ್ತಿದೆ ಎಂದರ್ಥ. ನನಗೂ ಕೈ ಹಾಕಲು ಹೇಳುತ್ತಿದ್ದಳು. ನನಗೆ ಬೆಚ್ಚಗಿದೆಯೋ ತಣ್ಣಗಿದೆಯೋ ಎಂದೂ ತಿಳಿಯುತ್ತಿರಲಿಲ್ಲ, ಆದರೂ ಅವಳ ಮುಖ ನೋಡಿಕೊಂಡು ಉತ್ತರ ಹೇಳುತ್ತಿದ್ದೆ. ಕಡಲೆಕಾಯಿ ಹಿಂಡಿಯ ಬಿಲ್ಲೆಯನ್ನು ಕಲ್ಲಿನ ಮೇಲೆ ಒಡೆದು ಒಡೆದ ಜಾಗವನ್ನು ಮೂಸುವಳು, ಹಸಿರು ಎಳೆ ಕಂಡರೆ ಇಡೀ ಬಿಲ್ಲೆ ತಿಪ್ಪೆಗೆ. ಅಪ್ಪನ ಚೀಟಿಯಲ್ಲಿ ಇದಾವುದೂ ಇರಲಿಲ್ಲ. ಅದರಲ್ಲಿದ್ದದ್ದು ಪಾಲುಗಳು ಮಾತ್ರ. ಎಳೆಯ ಮರಿಗೆ ಹಿಂಡಿ, ಮೀನು ಹೆಚ್ಚು, ಯಾಕೆಂದರೆ ಅದು ಮಾಂಸ ಕಟ್ಟುವ ಕಾಲ. ಬೆಳೆದ ಹಾಗೆ ಹಿಂಡಿ ಇಳಿಸಿ ಜೋಳ ಏರಿಸಬೇಕು. ಏರಿಸುವ ಹೊತ್ತು ಬಂದಿದೆಯೇ ಎಂದು ನೋಡಲು ಅಪ್ಪ ಭಾನುವಾರ ಬೆಳಿಗ್ಗೆ ಒಂದೊಂದು ಹಂದಿಯ ಎದೆಯನ್ನು ಹಗ್ಗದಿಂದ ಸುತ್ತಿ ಗಂಟು ಹಾಕಿ ಗುರುತಿಟ್ಟುಕೊಳ್ಳುತ್ತಿದ್ದ. ಆರು ಹಂದಿಗೆ ಆರು ಹಗ್ಗ, ಗೋಡೆಯ ಗಿಣಿಗೂಟದಲ್ಲಿ ನೇತಾಡುತ್ತಿದ್ದವು. ಇವು ಆರೇ ಇದ್ದವು. ಇದನ್ನು ಅಕ್ಕನೂ ಒಪ್ಪುತ್ತಾಳೆ.

ಅದು ರೇಷನ್ ಅಂಗಡಿಯಲ್ಲಿ ಅಮೆರಿಕದ ಕೆಂಪು ಜೋಳ ಕೊಡುತ್ತಿದ್ದ ಕಾಲ. ಅದರ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜೋಳವನ್ನು ಮುಸುಕಿನ ಜೋಳದ ಬದಲಿಗೆ ಒಂದಷ್ಟು ಹಾಕಬಹುದು ಎಂದು ಚೀಟಿಯಲ್ಲೇ ಬರೆದಿದೆ, ಕೆಂಪು ಜೋಳ ಹಂದಿಗೆ ಹಾಕೋಣ, ಹಂದಿಯ ಮುಸುಕಿನ ಜೋಳದ ರೊಟ್ಟಿ ನಾವು ತಿನ್ನೋಣ ಎಂದು ಅಪ್ಪ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದ. ಅಮ್ಮನಿಗೆ ಅದು ಬಹಳ ಸರಿ ಎನಿಸಿತು.

"ಹೌದು ಅತ್ತೆ. ಅವಕ್ಕೆ ಆರಿಸಿ ಆರಿಸಿ ಒಳ್ಳೇದು ಹಾಕ್ತೀವಿ, ನಾವು ಈ ಕೆಂಪು ಜೋಳ ನುಂಗ್ತೀವಿ. ಈ ಮನೇಲಿ ಹಂದಿ ಯಾರು ಅಂತ್ಲೇ ನಂಗೆ ಗೊತ್ತಾಗ್ತಿಲ್ಲ."

ಅಜ್ಜಿ ತುತ್ತು ಕೆಳಗಿಟ್ಟಳು.

"ಮುನಿಯ, ರೇಷನ್ ಕಾರ್ಡ್ ತಗೊಂಬಾ. ಅದ್ರಾಗೆ ಹಂದಿ ಹೆಸರು ಐತಾ ನೋಡು. ಇದ್ರೆ ಹಾಕು."

ಅಕ್ಕ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಜನ ಸಾಲು ನಿಂತು ತಂದ ಕಾಳು ಜನರ ಹೊಟ್ಟೆಗೇ ಹೋಗಬೇಕು ಎಂಬುದು ಅಜ್ಜಿಯ ತೀರ್ಮಾನ. ನಾವು ಕೆಂಪು ಜೋಳವನ್ನೇ ನುಂಗಿದೆವು. ಇಂಥ ಜಗಳಗಳಲ್ಲಿ ಅವಳು ಗೆಲ್ಲುತ್ತಿದ್ದಳು. ಸೋತದ್ದು ಒಂದೇ ಒಂದರಲ್ಲಿ, ಅದೂ ಎಲ್ಲಕ್ಕಿಂತ ದೊಡ್ಡದರಲ್ಲಿ. ಅವಳಿಗೆ ಮೇವನ್ನೆಲ್ಲ ದೊಡ್ಡ ಹಂಡೆಯಲ್ಲಿ ಗಂಜಿಯಂತೆ ಬೇಯಿಸಿ, ಉಗುರುಬೆಚ್ಚಗೆ ಮಾಡಿ ಹಾಕಬೇಕೆಂದು ಆಸೆ. ಅಪ್ಪ, ಸಾಹೇಬರು ಒಣಹಿಟ್ಟೇ ಹಾಕಬೇಕೆಂದು ಹೇಳಿದ್ದಾರೆ, ನೀರು ಬೇರೆ ತೊಟ್ಟಿಯಲ್ಲಿ, ಹಂದಿ ತನಗೆ ಬೇಕಾದಷ್ಟು ತಿಂದು ಬೇಕಾದಷ್ಟು ಕುಡಿಯುತ್ತದೆ ಎಂದು ಹಟ ಹಿಡಿದ. ಬೇಯಿಸುವುದು ಕೈತಪ್ಪಿದ ಮೇಲೆ ಅಜ್ಜಿಗೆ ಉಳಿದದ್ದು ಉಪ್ಪು. ನಮ್ಮ ಮನೆಯಲ್ಲಿ ಸಾವಿನ ದಿನ ಮಾತ್ರ ಸಪ್ಪೆ ಊಟ. ಮಿಕ್ಕ ಯಾವ ದಿನವೂ ಯಾರ ಮುಂದೆಯೂ ಸಪ್ಪೆ ಇಡುವಂತಿರಲಿಲ್ಲ, ಇಟ್ಟರೆ ನೀನು ಸತ್ತವರ ಕಡೆಯವನು ಎಂದು ಹೇಳಿದಂತೆ. ಹಸುವಿನ ಕಲಗಚ್ಚಿಗೂ ನಾಲ್ಕು ಹರಳು ಬೀಳುತ್ತಿತ್ತು. ಚೀಟಿಯ ಉಪ್ಪನ್ನು ಅಮ್ಮ ಚಿಕ್ಕ ಬಟ್ಟಲಲ್ಲಿ ಅಳೆದು ಬೆರೆಸುತ್ತಿದ್ದಳು. ಅದು ಅಜ್ಜಿಗೆ ಕಾಣುವಷ್ಟೂ ಇರಲಿಲ್ಲ. ಅಮ್ಮ ಅತ್ತ ತಿರುಗಿದ ಕೂಡಲೇ ಅಜ್ಜಿ ಮಡಕೆಯಿಂದ ಒಂದು ಹಿಡಿ ಕಲ್ಲುಪ್ಪು ತೆಗೆದು ಒರಳಲ್ಲಿ ನುರಿದು ಹಿಟ್ಟಿನ ಮೇಲೆ ಉದುರಿಸುವಳು. ನಾನು ನೋಡುತ್ತಿದ್ದೆ. ಅವಳು ಬೆರಳನ್ನು ತುಟಿಯ ಮೇಲಿಡುತ್ತಿದ್ದಳು. ಇದು ತಿಂಗಳುಗಟ್ಟಲೆ ನಡೆಯಿತು, ಹಂದಿಗಳಿಗೆ ಏನೂ ಆಗಲಿಲ್ಲ. ಹಗ್ಗದ ಗಂಟುಗಳು ಮುಂದೆ ಮುಂದೆ ಸರಿಯುತ್ತಲೇ ಇದ್ದವು.

ಆಮೇಲೆ ಫಾರಂನಿಂದ ಬರುತ್ತಿದ್ದ ಮೀನಿನ ಪುಡಿ ನಿಂತುಹೋಯಿತು. ಸಾಹೇಬರು ನೋಡಲು ಬರುವ ದಿನ ಹತ್ತಿರವಾಗಿತ್ತು. ಅಪ್ಪ ಮಾರ್ಕೆಟ್ಟಿನಿಂದ ಒಣಮೀನು ತಂದು, ಬಿಸಿಲಿಗೆ ಹಾಕಿ, ಕುಟ್ಟಿಸಿ, ಅದನ್ನೇ ಬೆರೆಸಿದ. ಮಾರ್ಕೆಟ್ಟಿನ ಒಣಮೀನು ಉಪ್ಪು ಸವರಿ ಒಣಗಿಸಿದ್ದೆಂಬುದು ಪಾಳ್ಯದ ಮಕ್ಕಳಿಗೂ ಗೊತ್ತು. ಸಾರು ಮಾಡುವಾಗ ಅಮ್ಮ ಅದನ್ನು ಮೂರು ಸಲ ತೊಳೆಯುತ್ತಿದ್ದಳು. ಪುಡಿಯಾಗಿ ಮೂಟೆಯಲ್ಲಿ ಕುಳಿತ ಮೇಲೆ ಅದು ಯಾರ ಕಣ್ಣಿಗೂ ಒಣಮೀನಾಗಿ ಕಾಣಲಿಲ್ಲ, ಚೀಟಿಯಲ್ಲಿದ್ದ ಮೀನಿನ ಪುಡಿಯಾಗಿಯೇ ಕಂಡಿತು. ಹೀಗೆ ಹಿಟ್ಟಿನೊಳಗೆ ಮೂರು ಕೈಯ ಉಪ್ಪು ಸೇರಿತು, ಒಟ್ಟು ಎಷ್ಟಾಯಿತೆಂದು ಯಾರಿಗೂ ತಿಳಿಯದೆ.

ಮುಂದಿನ ಎರಡು ದಿನಗಳನ್ನು ನಾನು ಎಷ್ಟು ಸಲ ಜೋಡಿಸಿದರೂ ತುಂಡುಗಳು ಹೊಂದುವುದಿಲ್ಲ. ಅಮ್ಮ, ಅಕ್ಕ ಕೋಣನಕುಂಟೆಯಲ್ಲಿ ನಮ್ಮ ಸೋದರಮಾವನ ಮನೆಯ ನಾಮಕರಣಕ್ಕೆ ಹೋದರು, ನೀರು ಸೇದುವ ಕೈಗಳೆರಡೂ ಅವರ ಜೊತೆ ಹೋದವು. ಸಾಹೇಬರು ಅಂದೇ ಮಧ್ಯಾಹ್ನ ಬರುವವರಿದ್ದರು. ಅವರಿಗೆ ಒದ್ದೆ ನೆಲ ಕಂಡರೆ ಆಗದು. ಅಪ್ಪ ಬೆಳಿಗ್ಗೆಯೇ ಗೂಡನ್ನು ತೊಳೆದು, ಸೈಕಲ್ ಹತ್ತುತ್ತ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ನೆಲ ಒಣಗಿರ್ಬೇಕು. ತೊಟ್ಟಿ ನೀರೂ ಹೊರಕ್ಕೆ ಬಿಟ್ಬಿಡು, ಚೆಲ್ಲಾಡ್ತವೆ. ಸಾಹೇಬ್ರು ಹೋದ್ಮೇಲೆ ತುಂಬುಸ್ಕೊಳಾಣ."

ಮಾತು ನೆನಪಿದೆ. ಯಾರಿಗೆ ಹೇಳಿದ ಎಂಬುದು ನೆನಪಿಲ್ಲ. ಮನೆಯಲ್ಲಿದ್ದವರು ಅಜ್ಜಿ ಮತ್ತು ನಾನು, ಇಬ್ಬರೇ. ಸಾಹೇಬರು ಅಂದು ಬರಲಿಲ್ಲ. ಇವತ್ತು ಬರುತ್ತಾರೆ, ಈಗ ಬರುತ್ತಾರೆ ಎಂದು ಅಪ್ಪ ಫಾರಂನಲ್ಲೇ ಕಾದು ಅಲ್ಲೇ ಉಳಿದ, ಮಾರನೆಯ ದಿನವೂ ಕಾದ. ಇತ್ತ ಹಂದಿಗಳು ಕಿರುಚತೊಡಗಿದವು. ಹಂದಿ ಕಿರುಚಿದರೆ ಅಜ್ಜಿಗೆ ತಿಳಿದಿದ್ದ ಅರ್ಥ ಒಂದೇ, ಹಸಿವು. ಗೂಡಿನೊಳಗೆ ಕತ್ತಲು, ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅವಳು ಇನ್ನಷ್ಟು ಹಿಟ್ಟು ಹಾಕಿದಳು. ಮತ್ತೆ ಕಿರುಚಿದವು. ಮತ್ತೆ ಹಾಕಿದಳು. "ಬೆಳೆಯೋ ಮಕ್ಕಳು, ಪಾಪ" ಎಂದಳು. ಎರಡನೆಯ ದಿನ ಅವು ಕಿರುಚುವುದನ್ನು ನಿಲ್ಲಿಸಿದವು. ಹೊಟ್ಟೆ ತುಂಬಿತು ಎಂದು ಅಜ್ಜಿ ಸಮಾಧಾನಪಟ್ಟಳು. ನಾನು ಇಣುಕಿ ನೋಡಿದಾಗ ಒಂದು ಹಂದಿ ಗೋಡೆಗೆ ಹಣೆ ಒತ್ತಿ ನಿಂತಿತ್ತು, ಗೋಡೆಯೊಳಕ್ಕೆ ದಾರಿಯಿದೆ ಎನ್ನುವ ಹಾಗೆ. ಇನ್ನೊಂದು ಇದ್ದಲ್ಲೇ ಸುತ್ತು ಹೊಡೆಯುತ್ತಿತ್ತು. ಮತ್ತೊಂದು ನಾಯಿಯಂತೆ ಮುಂಗಾಲೂರಿ ಕುಳಿತು ನನ್ನ ಕಡೆ ತಿರುಗಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ನಾನು ನಕ್ಕೆ. ಇದೂ ನೆನಪಿದೆ.

ಅಷ್ಟರಲ್ಲಿ ಅಪ್ಪ ಬಂದ. ಒಣಗಿದ ತೊಟ್ಟಿಯನ್ನು ನೋಡಿ ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಸುರಿದ. ನಡೆಯಬಲ್ಲಂಥವು ಮೂತಿ ಮುಳುಗಿಸಿ ಕುಡಿದವು, ಹಾಗೆ ಕುಡಿದವುಗಳೇ ಉರುಳಿಬಿದ್ದು ಕಾಲು ಬಡಿದವು. ದನದ ಡಾಕ್ಟರು ಬರುವಷ್ಟರಲ್ಲಿ ಮೂರು ಸತ್ತಿದ್ದವು, ಆಮೇಲೆ ಇನ್ನೊಂದು. ಕೋಣನಕುಂಟೆಯಿಂದ ಅಮ್ಮ, ಅಕ್ಕ ಬಂದು ಹಿತ್ತಲಿನಲ್ಲಿ ನಿಂತಿದ್ದರು. ಡಾಕ್ಟರು ತಗಡಿನ ಡಬ್ಬದಲ್ಲಿದ್ದ ಹಿಟ್ಟನ್ನು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿ ಉಗುಳಿದರು.

"ಏನ್ರೀ ಇದು, ಉಪ್ಪಿನಕಾಯಿ ಹಾಕಕ್ಕಿಟ್ಟಿದ್ರಾ? ಯಾರು ಹಾಕಿದ್ದು ಇಷ್ಟು ಉಪ್ಪು?"

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದ. ಅಜ್ಜಿ ಮೊದಲು ತೊಟ್ಟಿಯ ಕಡೆ ನೋಡಿದಳು, ಆಮೇಲೆ ನಾವು ನಿಂತಿದ್ದ ಕಡೆ ನೋಡಿದಳು. ಅಪ್ಪನೂ ನಾನೂ ಅಕ್ಕಪಕ್ಕದಲ್ಲಿ ನಿಂತಿದ್ದೆವು.

"ನಾನೇ ಸ್ವಾಮಿ. ಹಿಡಿ ಹಿಡಿ ಹಾಕಿದ್ದೆ. ಬೇರೆ ಯಾರ್ದೂ ಏನೂ ಇಲ್ಲ."

ಉಳಿದ ಎರಡು ಹಂದಿಗಳನ್ನು ಫಾರಂನವರು ವಾಪಸು ತೆಗೆದುಕೊಂಡು ಹೋದರು. ಅಪ್ಪ ಮೇವು ಹಾಕುವ ಕೆಲಸದಲ್ಲೇ ನಿವೃತ್ತನಾದ. ಮನೆಯಲ್ಲಿ ಯಾರೂ ಅಜ್ಜಿಯನ್ನು ಬೈಯಲಿಲ್ಲ, ಯಾರೂ ಬೈಯಬೇಡಿ ಎನ್ನಲೂ ಇಲ್ಲ. ಅವಳು ಮೊದಲಿನಂತೆ ಸಾರು ಕುದಿಸುವಳು, ಸೊಪ್ಪು ಬಸಿಯುವಳು, ಉಪ್ಪು ಹಾಕುವ ಹೊತ್ತು ಬಂದಾಗ ಮಾತ್ರ ಕೈ ಹಿಂದಕ್ಕೆ ತೆಗೆದುಕೊಂಡು ನನ್ನನ್ನು ಕೂಗುವಳು.

"ಮಗಾ, ಬಾ. ಉಪ್ಪು ಹಾಕ್ಬಾ."

ಶಾಲೆಯ ಚೀಲವನ್ನು ಎಸೆದು ಹೋಗಿ ಹಾಕುತ್ತಿದ್ದೆ. ಮೊದಮೊದಲು ಒಂದು ದಿನ ಕಹಿಯಾಗುವಷ್ಟು, ಒಂದು ದಿನ ಸಾವಿನ ಮನೆಯ ಹಾಗೆ ಸಪ್ಪೆ. ಎಲ್ಲರೂ ಸುಮ್ಮನೆ ಉಣ್ಣುತ್ತಿದ್ದರು. ಯಾವುದಕ್ಕೆ ಎಷ್ಟು ಎಂದು ಕೇಳದೆ ಮುಂದಕ್ಕೆ ಹೋಗಲಾರದ ನನ್ನ ಈ ಸ್ವಭಾವ ಆ ಒಲೆಯ ಮುಂದೆ ಶುರುವಾಗಿರಬೇಕು. ಶುರುವಾಗಿರಬೇಕು ಎಂದೆ, ಶುರುವಾಯಿತು ಎನ್ನಲಿಲ್ಲ.

ಕಾಲೇಜಿನ ದಿನಗಳಲ್ಲಿ ಒಮ್ಮೆ ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತ ಹಂದಿ ಸಾಕಣೆಯ ಪುಸ್ತಕವೊಂದನ್ನು ತೆರೆದೆ. ಹಂದಿಗೆ ಕುಡಿಯಲು ನೀರು ಧಾರಾಳವಾಗಿದ್ದರೆ ಉಪ್ಪು ಹೆಚ್ಚಾದರೂ ಹೇಗೋ ತಾಳಿಕೊಳ್ಳುತ್ತದೆ, ನೀರು ನಿಂತರೆ ಮಾತ್ರ ಅದೇ ಉಪ್ಪು ತಲೆಗೇರುತ್ತದೆ ಎಂದಿತ್ತು. ಬಾಯಾರಿದ ಹಂದಿಗೆ ಒಮ್ಮೆಗೇ ನೀರು ಸುರಿಯಬಾರದು, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು ಎಂದೂ ಇತ್ತು. ನಿಂತಲ್ಲೇ ಎರಡು ಸಲ ಓದಿದೆ. ಉಪ್ಪು ಕೊಂದಿತೋ, ನೀರಿಲ್ಲದ್ದು ಕೊಂದಿತೋ, ನೀರೇ ಕೊಂದಿತೋ? ಅಜ್ಜಿಯ ಗಂಜಿ ಗೆದ್ದಿದ್ದರೆ, ಅದರಲ್ಲಿದ್ದ ನೀರಿನಿಂದಲೇ ಅವು ಬದುಕಿಕೊಳ್ಳುತ್ತಿದ್ದವೋ ಏನೋ. ಅಷ್ಟು ಹೊತ್ತಿಗೆ ಅವಳು ತೀರಿಕೊಂಡಿದ್ದಳು. ಪುಸ್ತಕ ಓದಿದ ಆ ಗಳಿಗೆಯಲ್ಲೇ ನನ್ನ ಕಣ್ಣೆದುರು ಒಂದು ಚಿತ್ರ ನಿಂತಿತು: ತೊಳೆದು ಗೋಡೆಗೆ ಒರಗಿಸಿಟ್ಟ ತಗಡಿನ ತೊಟ್ಟಿ, ಅದನ್ನು ಒರಗಿಸುತ್ತಿರುವ ಅಪ್ಪನ ಬೆನ್ನು. ವರ್ಷಗಟ್ಟಲೆ ಆ ಚಿತ್ರವನ್ನಿಟ್ಟುಕೊಂಡು ಅಪ್ಪನ ಮೇಲೆ ಒಳಗೊಳಗೇ ಮೊಕದ್ದಮೆ ನಡೆಸಿದೆ. ಅವನು ತೀರ ಮುದುಕನಾದ ಮೇಲೆ ಒಮ್ಮೆ ಕೇಳಿಯೂ ಬಿಟ್ಟೆ.

"ಅಪ್ಪ, ಅವತ್ತು ತೊಟ್ಟಿ ಖಾಲಿ ಮಾಡಿದ್ದು ಯಾರು?"

ಅವನು ಬಹಳ ಹೊತ್ತು ನನ್ನನ್ನೇ ನೋಡಿದ.

"ಅವ್ವ ಒಪ್ಕೊಂಡ್ಲಲ್ಲ. ಆಮೇಲೂ ನಿಂಗ್ಯಾಕೆ ಅದು?"

ಒಪ್ಪಿಕೊಳ್ಳಲಾರದವನ ಮಾತು ಎಂದು ತೀರ್ಪು ಕೊಟ್ಟು ಎದ್ದುಬಂದೆ. ಅಪ್ಪ ಹೋದ ಎಷ್ಟೋ ಕಾಲದ ಮೇಲೆ, ಹನುಮಂತನಗರದ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತ ಈ ಮಾತು ತೆಗೆದೆ.

"ಅಪ್ಪ ತೊಟ್ಟಿ ಎತ್ತಿ ಗೋಡೆಗೆ ಒರಗಿಸಿದ್ದನ್ನ ನಾನು ನೋಡಿದ್ದೀನಿ ಕಣೇ."

"ಎತ್ತಿ ಒರಗಿಸಿದ್ರಾ? ಲೋ, ನೀರಿನ ತೊಟ್ಟಿ ಕಲ್ಲಿಂದು. ನಾಲ್ಕು ಆಳು ಬಂದ್ರೂ ಅಲ್ಲಾಡ್ತಿರ್ಲಿಲ್ಲ."

"ತಗಡಿಂದಲ್ವಾ?"

"ತಗಡಿಂದು ಹಿಟ್ಟಿಗೆ. ನೀರು ಹೊತ್ತೋಳು ನಾನು, ನಂಗೆ ಹೇಳ್ಕೊಡ್ತೀಯಾ? ಓದಿ ಓದಿ ತಲೆ ಕೆಟ್ಟಿದೆ ನಿಂಗೆ."

ಮರುದಿನವೇ ಪಾಳ್ಯಕ್ಕೆ ಹೋದೆ. ಮನೆಯ ಜಾಗದಲ್ಲಿ ಈಗ ಚಿಕ್ಕಪ್ಪನ ಮಗ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾನೆ. ಗೇಟಿನ ಪಕ್ಕದಲ್ಲಿ ತೊಟ್ಟಿ ಇತ್ತು, ಕಲ್ಲಿನದು. ಅದರಲ್ಲಿ ಮಣ್ಣು ತುಂಬಿ ದಾಸವಾಳ ಹಾಕಿದ್ದರು. ಅಪ್ಪನ ಬೆನ್ನು, ಗೋಡೆ, ತಗಡು, ನಾನು ಅಷ್ಟು ವರ್ಷ ನಂಬಿದ್ದ ಸಾಕ್ಷ್ಯವೆಲ್ಲ ಅಲ್ಲೇ ಮುಗಿಯಿತು. ಬಗ್ಗಿ ನೋಡಿದೆ. ತಳದ ಹತ್ತಿರ, ನೀರು ಬಿಡಲು ಕೊರೆದ ಒಂದು ತೂತು. ಯಾಕೆಂದು ತಿಳಿಯದೆ ಅದರೊಳಗೆ ಬೆರಳಿಟ್ಟೆ. ತೋರುಬೆರಳು ಹಿಡಿಸಲಿಲ್ಲ, ಕಿರುಬೆರಳೂ ಅರ್ಧಕ್ಕೇ ನಿಂತಿತು. ದೊಡ್ಡವರ ಬೆರಳಿಗೆ ಆಗುವ ತೂತಲ್ಲ ಅದು. ಆಗ, ತೆಂಗಿನ ನಾರಿನ ಬಿರಡೆ ಬೆರಳಿಗೆ ಸಿಕ್ಕ ಹಾಗೆ, ಅದು ಥಟ್ಟನೆ ಬಂದ ಹಾಗೆ, ತಣ್ಣನೆಯ ನೀರು ಪಾದದ ಮೇಲೆ ಹರಿದ ಹಾಗೆ ಆಯಿತು. ಖುಷಿಯೂ ಆದ ಹಾಗೆ. ಇದು ನೆನಪೋ, ಆ ಕ್ಷಣ ನಾನೇ ಕಟ್ಟಿಕೊಂಡದ್ದೋ ಗೊತ್ತಿಲ್ಲ. ತಗಡಿನ ತೊಟ್ಟಿಯೂ ನನಗೆ ಇಷ್ಟೇ ಸ್ಪಷ್ಟವಾಗಿ ಕಂಡಿತ್ತಲ್ಲ. ದೊಡ್ಡವರು ಬಿರಡೆಯನ್ನು ಕಡ್ಡಿಯಿಂದ ಕೀಳಬಹುದು ಎಂದೂ ನನಗೆ ನಾನೇ ವಾದ ಹೇಳಿಕೊಂಡೆ. ಅಪ್ಪ ಹೊರಡುವಾಗ ಆ ಮಾತು ಹೇಳಿದ್ದು ಯಾರಿಗೆ? ಅಷ್ಟು ಹೊತ್ತು ನನ್ನನ್ನು ನೋಡಿ, ನಿಂಗ್ಯಾಕೆ ಅದು ಎಂದದ್ದು ತನ್ನನ್ನು ಉಳಿಸಿಕೊಳ್ಳಲೋ, ನನ್ನನ್ನು ಉಳಿಸಲೋ? ಬಾಡಿಗೆಯ ಹೆಂಗಸೊಬ್ಬಳು ಮೇಲಿನಿಂದ "ಯಾರು ಬೇಕಿತ್ತು ಅಂಕಲ್?" ಎಂದು ಕೇಳಿದಳು. ಮಣ್ಣಾದ ಬೆರಳು ಒರೆಸಿಕೊಂಡು, ಯಾರೂ ಇಲ್ಲಮ್ಮ ಎಂದು ಬಂದುಬಿಟ್ಟೆ.

ಅಜ್ಜಿ ಉಪ್ಪು ಹಾಕಲು ಅಮ್ಮನನ್ನು ಕೂಗಬಹುದಿತ್ತು, ಪಕ್ಕದಲ್ಲೇ ಇರುತ್ತಿದ್ದಳು. ಅಕ್ಕನನ್ನು ಕೂಗಬಹುದಿತ್ತು. ಒಂದು ದಿನವೂ ಕೂಗಲಿಲ್ಲ, ನಾನು ಆಟಕ್ಕೆ ಹೋಗಿದ್ದರೆ ಸಾರನ್ನು ಕೆಳಗಿಳಿಸಿ ಕಾಯುತ್ತಿದ್ದಳು. ಅದು ನನ್ನ ತಪ್ಪನ್ನು ನನಗೆ ದಿನವೂ ತೋರಿಸುವ ಬಗೆಯೋ, ನಿನ್ನ ಕೈ ಕೆಟ್ಟ ಕೈಯಲ್ಲ ಎಂದು ದಿನವೂ ಹೇಳುವ ಬಗೆಯೋ, ಅಥವಾ ಅವಳಿಗೆ ಏನೂ ಗೊತ್ತಿರದೆ ಸುಮ್ಮನೆ ಮೊಮ್ಮಗನನ್ನು ಹತ್ತಿರ ಕರೆಯುವ ನೆಪವೋ, ನಾನು ಓದಿದ ಯಾವ ಶಾಸ್ತ್ರದಿಂದಲೂ ಬಿಡಿಸಲಾರೆ. ಒಲೆಯ ಮುಂದೆ ಅವಳು ಮಡಕೆಯ ಮುಚ್ಚಳ ತೆಗೆದು ನನ್ನ ಕಡೆ ಸರಿಸುತ್ತಿದ್ದಳು.

"ಎಷ್ಟು ಹಾಕ್ಲಿ ಅಜ್ಜಿ?"

"ಹಾಕು ಮಗಾ. ಉಣ್ಣೋವಾಗ ಗೊತ್ತಾಗ್ತದೆ."